ಟಾಕಿಗೆ ಹಚ್ಚಿದ ಸಾಬೂನು

ಪೆಟ್ರೋಲ್ ಸೋರುವ ಗಾಡಿ ನಿಮ್ಮ ಮುಂದೆ ಬಂದು ನಿಂತರೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿ. ಆಮೇಲೆ ಬಾನೆಟ್ ಎತ್ತಿ, ಮೂಗು ಇಳಿಸಿ ನೋಡಿ, ಆಮೇಲೆ ಬೇಕಾದರೆ ಮಾತಾಡಿ. ನಾನು ಕಂಡ ಅರ್ಧಕ್ಕರ್ಧ ಮಿಸ್ತ್ರಿಗಳು ಮೊದಲು ಮಾತಾಡುತ್ತಾರೆ. ಮಾಲೀಕನ ಮುಖ ಸಣ್ಣಗಾಗಿದ್ದು ಕಂಡು "ಏನಿಲ್ಲ ಬಿಡ್ರಿ, ಸಣ್ಣ ಕೆಲಸ" ಅನ್ನುತ್ತಾರೆ. ಸಣ್ಣ ಕೆಲಸವಂತೆ! ಆ ಮಾತು ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ. ಯಾರ ಮೇಲೆ ಅಂತ ಕೇಳಿದರೆ ನನ್ನ ಮೇಲೇ. ಅದನ್ನು ಎಲ್ಲರಿಗಿಂತ ಹೆಚ್ಚು ಸಲ ಹೇಳಿದವನು ನಾನು.

ಪುಣೆ ಹತ್ತಿರದ ನಿಗಡಿಯಲ್ಲಿ ನಮ್ಮ ಕನ್ನಡದ ಮಂದಿ ಕೂಡಿ ವರ್ಷಕ್ಕೊಂದು ಸಂಚಿಕೆ ತರುತ್ತಾರೆ. ಗಾಡಿ ದುರಸ್ತಿ ಕಲಿಯಲು ಹೊರಟ ಮಕ್ಕಳಿಗೆ ಉಪಯೋಗ ಆಗುವಂತೆ ನಾಲ್ಕು ಪುಟ ಬರೆದುಕೊಡಿ ಮಲ್ಲಪ್ಪಣ್ಣ, ಎಂದು ಗಂಟುಬಿದ್ದರು. ನಮ್ಮಪ್ಪ ಆಳಂದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ದೇಹೂ ರೋಡಿನ ಪತ್ರಾ ತಗಡಿನ ಗುಡಿಸಲಲ್ಲಿ ನಮ್ಮನ್ನು ಬೆಳೆಸಿದವರು. ನಾನು ಹತ್ತೊಂಬತ್ತಕ್ಕೆ ಗ್ಯಾರೇಜು ಸೇರಿದೆ, ಹೋದ ವರ್ಷ ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟೆ. ಯಾವಾಗ ಹೆಡ್ ಮಿಸ್ತ್ರಿ ಆದೆ, ಬಿಡುವ ದಿನ ಯಾರು ಶಾಲು ಹೊದಿಸಿದರು, ಅದೆಲ್ಲ ನಿಮಗೆ ಯಾತಕ್ಕೆ? ನಾನು ಪೆಟ್ರೋಲ್ ಸೋರುವುದರ ಬಗ್ಗೆ ಮಾತ್ರ ಬರೆಯುತ್ತೇನೆ. ನನಗೆ ಚೆನ್ನಾಗಿ ಗೊತ್ತಿದ್ದ ಕೆಲಸ ಅದು, ನಾನು ಕೆಟ್ಟದ್ದೂ ಅದರಲ್ಲೇ.

ನನ್ನ ಉಸ್ತಾದ ದತ್ತೋಬಾ. ಒಣಕಲು ಮನುಷ್ಯ, ಕಿವಿಯ ಮೇಲೆ ಯಾವಾಗಲೂ ಒಂದು ಖಡು ಸಿಕ್ಕಿಸಿರುತ್ತಿದ್ದ. ಶಾಲೆಯಲ್ಲಿ ಹಲಗೆಯ ಮೇಲೆ ಬರೆಯುತ್ತಾರಲ್ಲ, ಅದೇ ಖಡು. ಅವನು ಆಡುತ್ತಿದ್ದದ್ದು ಮರಾಠಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಮೊದಲ ವಾರವೇ ಒಂದು ಹಳೆಯ ಗಾಡಿಯ ಕೆಳಗೆ ನನ್ನನ್ನು ಮಲಗಿಸಿ "ಎಲ್ಲಿ ಸೋರತೈತಿ ಹೇಳು" ಅಂದ. ಹನಿ ಗೇರ್ ಬಾಕ್ಸಿನ ಹತ್ತಿರ ಬೀಳುತ್ತಿತ್ತು, ನಾನು ಅದನ್ನೇ ತೋರಿಸಿದೆ. ಅವನು ನನ್ನ ಕಾಲು ಹಿಡಿದು ಹೊರಗೆಳೆದು, ಕೊಳವೆಯನ್ನೆಲ್ಲ ಒಣಬಟ್ಟೆಯಿಂದ ಒರೆಸಿ, ಖಡು ಪುಡಿ ಮಾಡಿ ಉದ್ದಕ್ಕೂ ಹಚ್ಚಿದ. ಐದು ನಿಮಿಷಕ್ಕೆ ಬಿಳಿಯ ಮೇಲೆ ಕಪ್ಪು ಗೆರೆಯೊಂದು ಮೂಡಿತು. ಗೆರೆ ಶುರುವಾದದ್ದು ಎರಡು ಮೊಳ ಹಿಂದೆ, ಕೊಳವೆ ಚಾಸಿಗೆ ತಿಕ್ಕಿ ಸವೆದ ಕಡೆ. ಪೆಟ್ರೋಲ್ ಕೊಳವೆಯ ಮೈಗುಂಟ ಹರಿದು, ಇಳಿಜಾರು ಸಿಕ್ಕ ಕಡೆ ಬೀಳುತ್ತದೆ. ಬಿದ್ದ ಜಾಗ ನೋಡಿ ನಟ್ಟಿಗೆ ಪಾನಾ ಹಚ್ಚಿದರೆ ಊರೆಲ್ಲ ಬಿಚ್ಚಿದರೂ ತೂತು ಸಿಗುವುದಿಲ್ಲ. ಈಗ ನಿಮ್ಮ ಹತ್ತಿರ ಹೊಗೆ ಬಿಡುವ ಯಂತ್ರ ಬಂದಿದೆ, ನೀಲಿ ದೀಪ ಬಂದಿದೆ. ಇರಲಿ. ಖಡು ಕೂಡ ಜೇಬಿನಲ್ಲಿರಲಿ.

ಮೂಗಿನ ಸೊಕ್ಕು ನನಗೆ ಬೇಗ ಬಂತು. ಬಾರಾಮತಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗಿಸುವ ಗುಮಾಸ್ತರೊಬ್ಬರ ಹಳೆಯ ಕಾರು ಮೂರು ಸಲ ನನ್ನ ಕೈಗೆ ಬಂತು. ಪುಣೆಯಿಂದ ಹೊರಟ ಕೂಡಲೇ ಒಳಗೆ ಪೆಟ್ರೋಲ್ ವಾಸನೆ, ಬಾರಾಮತಿ ಮುಟ್ಟುವಷ್ಟರಲ್ಲಿ ಇಲ್ಲ. ಕಾರ್ಬುರೇಟರ್ ಬಿಚ್ಚಿದೆ, ಪಂಪ್ ಬದಲಿಸಿದೆ, ಕೊಳವೆ ಬದಲಿಸಿದೆ. ಮೂರನೆಯ ಸಲ ಆ ಬಡಪಾಯಿಗೆ "ಗಾಡಿ ಚಲೋ ಅದ ಸಾಹೇಬ್ರ, ನಿಮ್ಮ ಮೂಗs ತೋರಿಸ್ಕೋರಿ" ಅಂದುಬಿಟ್ಟೆ. ದತ್ತೋಬಾ ದೂರದಿಂದ ಕೇಳಿಸಿಕೊಂಡವನು ಬಂದು ಅವರನ್ನು ಒಂದೇ ಪ್ರಶ್ನೆ ಕೇಳಿದ: ಪೆಟ್ರೋಲ್ ಎಲ್ಲಿ ಹಾಕಿಸ್ತೀರಿ? ಪುಣೆಯಲ್ಲಿ, ಹೊರಡುವಾಗ, ಟಾಕಿ ತುಂಬ. ಮುಗಿಯಿತು. ಪೆಟ್ರೋಲ್ ಹಾಕುವ ಬಾಯಿಯಿಂದ ಟಾಕಿಗೆ ಹೋಗುವ ದಪ್ಪ ರಬ್ಬರು ಮೇಲ್ಗಡೆ ಸೀಳಿತ್ತು. ತುಂಬಿದ ಟಾಕಿ ದಿವೆ ಘಾಟ್ ಏರುವಾಗ ಹಿಂದಕ್ಕೆ ತುಳುಕಿ ಅಲ್ಲಿಂದ ಒಸರುತ್ತಿತ್ತು, ಪೆಟ್ರೋಲ್ ಇಳಿದ ಮೇಲೆ ನಿಲ್ಲುತ್ತಿತ್ತು. ನಾವೋ, ಗ್ಯಾರೇಜಿನಲ್ಲಿ ಯಾವಾಗಲೂ ಟಾಕಿ ಬರಿದು ಮಾಡಿಕೊಂಡೇ ಪರೀಕ್ಷೆ ಮಾಡುವವರು. "ಗಾಡಿ ಒಂದನ್ನs ನೋಡಬ್ಯಾಡ ಮಲ್ಲೂ, ಮಾಲೀಕ ಗಾಡೀ ಜೋಡಿ ಏನೇನು ಮಾಡ್ತಾನ ಕೇಳು" ಅಂದ ದತ್ತೋಬಾ. ನಾನು ಹೂಂ ಅಂತ ತಲೆ ಅಲ್ಲಾಡಿಸಿದೆ. ಬಹಳ ಜೋರಾಗಿ ಅಲ್ಲಾಡಿಸಿದೆ ಅಂತ ನೆನಪು.

ಇನ್ನು ಟಾಕಿಯ ವಿಷಯ. ಹಳೆಯ ಗಾಡಿಯ ಪೆಟ್ರೋಲ್ ಟಾಕಿ ಹಿಂದುಗಡೆ ಡಿಕ್ಕಿಯ ಕೆಳಗೆ ಎರಡು ಕಬ್ಬಿಣದ ಪಟ್ಟಿಯ ಮೇಲೆ ತೂಗಿಕೊಂಡಿರುತ್ತದೆ. ಪಟ್ಟಿಯ ಸಂದಿಯಲ್ಲಿ ಕೆಸರು ಕೂತು ತುಕ್ಕು ಹಿಡಿದು, ಎರಡು ತಗಡು ಕೂಡುವ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಸರಿಯಾದ ದುರಸ್ತಿಗೆ ಎರಡು ದಿನ ಬೇಕು. ಪೆಟ್ರೋಲ್ ಇಳಿಸಿ, ಟಾಕಿ ಇಳಿಸಿ, ಬಿಸಿನೀರು ಸೋಡಾ ಹಾಕಿ ಮತ್ತೆ ಮತ್ತೆ ತೊಳೆದು, ಒಂದು ರಾತ್ರಿ ಬಾಯಿ ತೆರೆದು ಗಾಳಿಗಿಟ್ಟು, ಬೆಸೆಯುವಾಗ ಒಳಗೆ ಮುಕ್ಕಾಲು ನೀರು ತುಂಬಿಸಿ ಬೆಸೆಯಬೇಕು. ಖಾಲಿ ಟಾಕಿಯಲ್ಲಿ ಉಳಿದ ಆವಿ ಪೆಟ್ರೋಲಿಗಿಂತ ಕೆಟ್ಟದ್ದು. ಆಮೇಲೆ ನೀರಿನ ಹೌದದಲ್ಲಿ ಮುಳುಗಿಸಿ ಗಾಳಿ ಊದಿ, ಗುಳ್ಳೆ ಬರುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು.

ಅಷ್ಟು ಪುರುಸೊತ್ತು ಇಲ್ಲದಾಗ ನಾವೊಂದು ಉಪಾಯ ಮಾಡುತ್ತಿದ್ದೆವು. ಬಟ್ಟೆ ಒಗೆಯುವ ಬಾರ್ ಸಾಬೂನನ್ನು ತುರಿದು, ಬೆರಳಲ್ಲಿ ಮಿದ್ದು, ತೂತಿಗೆ ಒತ್ತಿ ಹಚ್ಚುವುದು. ಸಾಬೂನು ಪೆಟ್ರೋಲಿಗೆ ಕರಗುವುದಿಲ್ಲ, ಮತ್ತಷ್ಟು ಗಟ್ಟಿಯಾಗುತ್ತದೆ. ಎಂಟು ದಿನ, ಹದಿನೈದು ದಿನ ನಿಲ್ಲುತ್ತದೆ. ಆದರೆ ಗಿರಾಕಿಯ ಮುಂದೆ ಸಾಬೂನು ಅಂತ ಹೇಳುವ ಹಾಗಿರಲಿಲ್ಲ. ಅದು ನಮ್ಮ ಗ್ಯಾರೇಜಿನ ಕಟ್ಟಳೆ. ಸಾಬೂನು ಅಂದರೆ ಅವನು ನಗುತ್ತಾನೆ, ನಾಳೆಯಿಂದ ಮನೆಯಲ್ಲೇ ಹಚ್ಚಿಕೊಳ್ಳುತ್ತಾನೆ, ಮಿಸ್ತ್ರಿಯ ಮರ್ಯಾದೆ ಏನು ಉಳಿಯಿತು? ಅದಕ್ಕೇ ನಾವೆಲ್ಲ 'ಮಸಾಲಿ' ಅನ್ನುತ್ತಿದ್ದೆವು. "ಮಸಾಲಿ ಹಚ್ಚೇನ್ರಿ, ಚಿಂತಿ ಬ್ಯಾಡ." ನಾನು ಅದನ್ನು ಎಷ್ಟು ಗತ್ತಿನಿಂದ ಹೇಳುತ್ತಿದ್ದೆನೆಂದರೆ, ಯಾವುದೋ ದೊಡ್ಡ ಕಂಪನಿಯಿಂದ ತರಿಸಿದ ಔಷಧಿ ಅಂತ ಕೇಳಿದವರು ನಂಬಬೇಕು.

ವಿಠ್ಠಲರಾಯರೂ ನಂಬಿದರು.

ಅವರು ಧಾರವಾಡ ಕಡೆಯವರು, ದೇಹೂ ರೋಡಿನಲ್ಲಿ ಮಿಲಿಟರಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ನಿಗಡಿಯಲ್ಲಿ ಫರ್ಸಿ ಕಲ್ಲು ಹಾಸಿದ ಅಂಗಳದ ಸಣ್ಣ ಮನೆ. ಮನೆಯಲ್ಲಿ ಹೆಂಡತಿ ಇಂದಿರಾಬಾಯಿ ಮತ್ತು ರಾಯರ ತಾಯಿ, ಎಲ್ಲರೂ ಆಯಿ ಅನ್ನುತ್ತಿದ್ದೆವು. ಮಕ್ಕಳಿರಲಿಲ್ಲ, ಹಾಗಾಗಿ ಆ ಗುಂಡು ಮೂತಿಯ ಹಳೆಯ ಕಾರನ್ನೇ ಮಗನ ಹಾಗೆ ನೋಡಿಕೊಂಡಿದ್ದರು. ಗ್ಯಾರೇಜಿನಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಬಂದವರು ಕೆಲಸ ಹೇಳುವ ಮೊದಲು ಅರ್ಧ ತಾಸು ಕನ್ನಡ ಮಾತಾಡಿ ಬಾಯಿ ಚಪಲ ತೀರಿಸಿಕೊಳ್ಳುತ್ತಿದ್ದರು. ಇಂದಿರಾಬಾಯಿ ಅವರ ಕೈಯಲ್ಲಿ ನನಗೆ ಶೇಂಗಾ ಚಟ್ನಿ ಕಳಿಸುತ್ತಿದ್ದರು.

ಇಪ್ಪತ್ತು ವರ್ಷ ಮೇಲಾಯಿತು. ದಸರೆಗೆ ಎರಡೇ ದಿನ ಇತ್ತು. ಹಬ್ಬದ ಮುಂದೆ ಗ್ಯಾರೇಜು ಹೇಗಿರುತ್ತದೆ ನಿಮಗೂ ಗೊತ್ತಾಗುತ್ತದೆ ಬಿಡಿ, ಉಸಿರಾಡಲು ಜಾಗ ಇರುವುದಿಲ್ಲ. ಎಲ್ಲರಿಗೂ ಖಂಡೇನವಮಿಯ ಆಯುಧಪೂಜೆಗೆ ಗಾಡಿ ಬಾಗಿಲ ಮುಂದೆ ಬೇಕು. ರಾಯರ ಕಾರು ಹಿಂದಿನಿಂದ ಹನಿಯುತ್ತಿತ್ತು. ನಾನು ಖಡು ಹಚ್ಚಿ ನೋಡಿದೆ, ಟಾಕಿಯ ಅಂಚಿನಲ್ಲಿ ಎರಡು ತೂತು.

"ಎರಡ ದಿನಾ ಬಿಡಬೇಕಾಗ್ತದ್ರಿ ರಾಯರ."

"ಹಬ್ಬ ಅದಲ್ಲೋ ಮಲ್ಲಪ್ಪಾ. ಪೂಜಿ ಮಾಡಿ ಕೊಲ್ಹಾಪುರಕ್ಕ ಹೋಗೂದು, ಆಯೀಗೆ ದೇವಿ ದರ್ಶನ ಮಾಡಸ್ತೀನಿ ಅಂತ ಮಾತು ಕೊಟ್ಟೇನಿ. ಏನರೆ ಮಾಡಪಾ."

"ಆತು ಬಿಡ್ರಿ, ಸಣ್ಣ ಕೆಲಸ. ಮಸಾಲಿ ಹಚ್ತೀನಿ. ಟಾಕಿ ಪೂರಾ ತುಂಬಸಬ್ಯಾಡ್ರಿ. ಹಬ್ಬ ಆದಮ್ಯಾಲೆ ತರ್ರಿ, ಇಳಿಸಿ ಬೆಸೀತೀನಿ."

ಇಷ್ಟೇ ಹೇಳಿದ್ದು. ಹಳ್ಳ ದಿಣ್ಣೆಯಲ್ಲಿ ನಿಧಾನ ಅಂತಲೂ ಹೇಳಿದೆ. ಸಾಬೂನು ಅಂತ ಹೇಳಲಿಲ್ಲ. ನೀರು ತಾಗಿಸಬೇಡಿ ಅಂತ ಹೇಳಲಿಲ್ಲ. ಖಂಡೇನವಮಿಯ ಬೆಳಿಗ್ಗೆ ಈ ಊರಲ್ಲಿ ಸೈಕಲ್ಲಿನಿಂದ ಹಿಡಿದು ಲಾರಿಯವರೆಗೆ ತೊಳೆಯದೆ ಬಿಡುವ ಗಾಡಿ ಒಂದೂ ಇರುವುದಿಲ್ಲ. ಕೂಸಿಗೂ ಗೊತ್ತು. ಸಾಬೂನು ನೀರಿಗೆ ಕರಗುತ್ತದೆ ಅನ್ನುವುದೂ ಕೂಸಿಗೆ ಗೊತ್ತು. ನನಗೆ ಎರಡೂ ಗೊತ್ತಿತ್ತು. ಆದರೆ ಎರಡೂ ನನ್ನ ತಲೆಯಲ್ಲಿ ಒಂದನ್ನೊಂದು ಭೇಟಿಯಾಗಲಿಲ್ಲ. ಮಸಾಲಿ ಮಸಾಲಿ ಅಂತ ಊರಿಗೆಲ್ಲ ಹೇಳಿ ಹೇಳಿ, ಅದು ಸಾಬೂನು ಅನ್ನುವುದು ನನಗೇ ಮರೆತಿತ್ತೇನೋ ಅನಿಸುತ್ತದೆ.

ಖಂಡೇನವಮಿಯ ದಿನ ಗ್ಯಾರೇಜಿನಲ್ಲಿ ನಾವೂ ಪಾನಾ, ಜಾಕಿ ಎಲ್ಲ ತೊಳೆದು ಹಲಗೆಯ ಮೇಲೆ ಹೊಂದಿಸಿ ಅರಿಷಿಣ ಕುಂಕುಮ ಹಚ್ಚುತ್ತಿದ್ದೆವು. ಹತ್ತು ಗಂಟೆಯ ಹೊತ್ತಿಗೆ ಫೋನ್ ಬಂತು. ನಾನು ಓಡಿದೆ. ಅಂಗಳದ ತುಂಬ ನೀರು, ಅದರಲ್ಲಿ ಚೆಂಡುಹೂವು ತೇಲುತ್ತಿದ್ದವು. ಕಾರಿನ ಹಿಂಭಾಗ ಕರಕಲಾಗಿ ಹೋಗಿತ್ತು. ರಾಯರನ್ನು ಆಗಲೇ ದವಾಖಾನೆಗೆ ಒಯ್ದಿದ್ದರು. ಇಂದಿರಾಬಾಯಿ ಕಟ್ಟೆಯ ಮೇಲೆ ಕೂತಿದ್ದರು, ಮುಂಗೈ ಬೊಬ್ಬೆ ಎದ್ದಿತ್ತು, ಅದನ್ನು ನೋಡಿಕೊಳ್ಳುವ ಎಚ್ಚರವೂ ಇರಲಿಲ್ಲ.

ಆದದ್ದು ಇಷ್ಟು. ರಾಯರು ಬೆಳಿಗ್ಗೆ ಪೈಪು ಹಿಡಿದು ಗಾಡಿಯನ್ನು ಮೇಲೆ ಕೆಳಗೆ ತೊಳೆದರು, ಕೆಳಗಿನ ಕೆಸರನ್ನು ಬ್ರಶ್ಶಿನಿಂದ ತಿಕ್ಕಿದರು. ಒರೆಸಿ, ಹಾರ ಹಾಕಿದರು. ಇಂದಿರಾಬಾಯಿ ಮುಂದೆ ಆರತಿ ಮಾಡಿ, ಹಿಂದಿನ ನಂಬರ್ ಪಟ್ಟಿಗೆ ಕುಂಕುಮ ಹಚ್ಚಲೆಂದು ಆರತಿ ತಟ್ಟೆಯನ್ನು ಒಂದು ಗಳಿಗೆ ನೆಲಕ್ಕಿಟ್ಟರು. ರಾಯರು ಅಲ್ಲೇ ಕುಕ್ಕರಗಾಲಲ್ಲಿ ಕೂತು ಹಿಂದಿನ ಗಾಲಿಗೆ ನಿಂಬೆಹಣ್ಣು ಇಡುತ್ತಿದ್ದರು. ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ. ಒದ್ದೆ ಫರ್ಸಿಯ ಮೇಲೆ ಅದು ಎಷ್ಟು ದೂರ ಹರಡಿತ್ತೋ, ಊದಿನಕಡ್ಡಿ ಕರ್ಪೂರದ ವಾಸನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ದವಾಖಾನೆಯಲ್ಲಿ ಅವರು ಎಚ್ಚರದಲ್ಲಿದ್ದರು. ಕಣ್ಣೊಂದು ಬಿಟ್ಟು ಉಳಿದದ್ದೆಲ್ಲ ಬ್ಯಾಂಡೇಜು ಪಟ್ಟಿ. "ಹಬ್ಬ ಆದಮ್ಯಾಲೆ ತರ್ರಿ ಅಂದಿದ್ದೆಲ್ಲೋ ಮಲ್ಲಪ್ಪಾ," ಅಂದರು, "ನಿನಗ ಕೆಲಸಾನs ಉಳೀಲಿಲ್ಲ ನೋಡು." ಚಾಷ್ಟಿ ಮಾಡುತ್ತಿದ್ದರು, ಆ ಸ್ಥಿತಿಯಲ್ಲಿ! ಒಂಬತ್ತನೆಯ ದಿನ ತೀರಿಕೊಂಡರು.

ಅದಕ್ಕೂ ಮೊದಲು, ಐದನೆಯ ದಿನವೋ ಏನೋ, ಸುಟ್ಟ ಕಾರನ್ನು ಎಳೆದು ನಮ್ಮ ಗ್ಯಾರೇಜಿಗೇ ತಂದು ನಿಲ್ಲಿಸಿದರು. ಅಲ್ಲಿಯವರೆಗೂ ನಾನು ಏನಂದುಕೊಂಡಿದ್ದೆ ಅಂದರೆ, ಕೊಳವೆ ಬೇರೆ ಎಲ್ಲೋ ಹರಿದಿರಬೇಕು. ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿದೆ. ಕೊಳವೆ ಹರಿದಿರಲಿಲ್ಲ. ಟಾಕಿಯ ಅಂಚಿನಲ್ಲಿ ನಾನು ಒತ್ತಿದ ಸಾಬೂನು ಸುಟ್ಟಿದ್ದರೆ ಕರೀ ಹಕ್ಕಳೆ ಕಟ್ಟಿರಬೇಕಿತ್ತು. ಏನೂ ಇರಲಿಲ್ಲ. ಎರಡು ತೂತು, ಸುತ್ತಲೂ ಬರಿಯ ತಗಡು. ತೊಳೆದು ಹೋಗಿದೆ ಅಂತ ಆಗ ತಿಳಿಯಿತು. ದತ್ತೋಬಾ ಬಗ್ಗಿ ನೋಡಿದ, ತಾನೂ ಒಳಗೆ ತೂರಿಕೊಂಡು ಟಾಕಿಯ ಮೇಲೆ ಬೆರಳಾಡಿಸಿದ. ಅವನಿಗೆ ನಾನು ಏನೂ ಹೇಳಬೇಕಾಗಲಿಲ್ಲ. "ಗಪ್ಪ ಬಸ್ ಮಲ್ಲೂ," ಅಂದ. ಸುಮ್ಮನಿರು. "ನಿನಗೂ ಮನಿ ಅದ, ಹೆಂಡ್ತಿ ಮಕ್ಕಳು ಅದಾವ."

ಸುಮ್ಮನಿದ್ದೆ. ತನಿಖೆಯವರು ಬಂದರು, ಹಳೆಯ ಗಾಡಿ, ಪೆಟ್ರೋಲ್ ಸೋರಿಕೆ, ಹತ್ತಿರ ಉರಿಯುವ ದೀಪ ಅಂತ ಬರೆದುಕೊಂಡು ಹೋದರು. ದುರಸ್ತಿ ಮಾಡಿದ್ದಿರಾ ಅಂತ ಕೇಳಿದ್ದಕ್ಕೆ ದತ್ತೋಬಾ, ಹಬ್ಬದ ನಂತರ ತರಲು ಹೇಳಿದ್ದೆವು ಅಂದ. ಅದು ಸುಳ್ಳೂ ಆಗಿರಲಿಲ್ಲ. ನಾನು ಅವನನ್ನು ದೂರುವುದಿಲ್ಲ, ಅವನು ತೀರಿಹೋಗಿಯೂ ಆರು ವರ್ಷವಾಯಿತು. ಬಾಯಿ ನನ್ನದಿತ್ತು.

ದೀಪ ಅಂತ ಒಂದು ಶಬ್ದ ಕಾಗದಕ್ಕೆ ಬಿತ್ತಲ್ಲ, ಅದು ಇಂದಿರಾಬಾಯಿಯ ಕೊರಳಿಗೆ ಬಿತ್ತು. ಓಣಿಯ ಮಂದಿ, ಬಳಗದ ಮಂದಿ, ಬಂದವರೆಲ್ಲ ಅದನ್ನೇ ಆಡಿದರು. ಆಯಿಯಂತೂ ನಾನು ಮಾತಾಡಿಸಲು ಹೋದಾಗ ಸೊಸೆಯ ಎದುರಿಗೇ ಅಂದರು: "ಗಾಡಿ ಬುಡಕ ದೀಪಾ ಇಡೂ ಬುದ್ಧಿ ಯಾರು ಕೊಟ್ರೋ ಇಕಿಗೆ? ನನ್ನ ಮಗನ್ನ ಕೈಯಾರೆ ಸುಟ್ಟಳು." ಇಂದಿರಾಬಾಯಿ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದವರು, "ಖರೇ ಅದ ಮಲ್ಲಪ್ಪಾ, ನಾ ಯಾಕ ಕೆಳಗ ಇಟ್ಟೆ? ಒಂದ ಕೈಲೆ ಹಿಡ್ಕೊಂಡು ಇನ್ನೊಂದ ಕೈಲೆ ಕುಂಕುಮ ಹಚ್ಚಬಹುದಿತ್ತಲ್ಲ" ಅಂದರು.

"ಹಣೆಬರಹ ಅಕ್ಕಾರ," ಅಂದೆ ನಾನು. ನೋಡಿ, ಏನು ಮಾತಾಡಿದೆ! ಆ ಹೊತ್ತಿನಲ್ಲಿ ನನ್ನ ನಾಲಿಗೆ ಸೇದಿಹೋಗಬಾರದಿತ್ತೇ?

ಆ ಮನೆಯಲ್ಲಿ ಎರಡು ಒಲೆ ಆದವು. ಆಯಿ ಸೊಸೆ ಮಾಡಿದ್ದನ್ನು ಉಣ್ಣಲಿಲ್ಲ, ಸೊಸೆ ತುಂಬಿಟ್ಟ ನೀರು ಕುಡಿಯಲಿಲ್ಲ. ನಡುಗುವ ಕೈಯಲ್ಲಿ ಒಂದು ಸೀಮೆಎಣ್ಣೆಯ ಸ್ಟೋವಿನ ಮೇಲೆ ತನ್ನ ಅನ್ನ ತಾನೇ ಮಾಡಿಕೊಳ್ಳುತ್ತಿದ್ದರು. ಇಂದಿರಾಬಾಯಿ ದೇವರ ಮುಂದೆ ದೀಪ ಹಚ್ಚುವುದನ್ನೇ ಬಿಟ್ಟರು, ಒಂದು ಸಣ್ಣ ಕರೆಂಟಿನ ಬಲ್ಬು ಹಾಕಿಸಿದರು. ಹಾಕಿಕೊಟ್ಟವನು ನಾನೇ. ತಿಂಗಳಿಗೊಮ್ಮೆ ಹೋಗಿ ನಲ್ಲಿ ಸೋರಿದರೆ ನಲ್ಲಿ, ಮಿಕ್ಸರ್ ಕೆಟ್ಟರೆ ಮಿಕ್ಸರ್ ನೋಡಿ ಬರುತ್ತಿದ್ದೆ. ಇಂದಿರಾಬಾಯಿ ಊಟ ಹಾಕದೆ ಬಿಡುತ್ತಿರಲಿಲ್ಲ. ಆ ಮನೆಯಲ್ಲಿ ಅವರ ಕೈಯ ಅಡಿಗೆ ಉಣ್ಣುತ್ತಿದ್ದ ಹೊರಗಿನವನು ನಾನೊಬ್ಬನೇ. ಓಣಿಯಲ್ಲಿ ನನಗೆ ಎಷ್ಟು ಒಳ್ಳೆಯ ಹೆಸರು ಬಂತು ಅಂತೀರಿ! ಗಾಡಿ ಹೋದರೂ ಮಿಸ್ತ್ರಿ ನಂಟು ಬಿಡಲಿಲ್ಲ, ದೊಡ್ಡ ಮನಸ್ಸು ಅಂದರು. ಹೇಳಬೇಕು ಅಂತಲೇ ಪ್ರತಿಸಲ ಹೋಗುತ್ತಿದ್ದೆ. ಹೇಳದೆ ಉಂಡು ಬರುತ್ತಿದ್ದೆ.

ಹದಿಮೂರು ವರ್ಷ ಹೀಗೆ ನಡೆಯಿತು. ಒಂದು ಮಧ್ಯಾಹ್ನ ಇಂದಿರಾಬಾಯಿ ಫೋನ್ ಮಾಡಿ, ಆಯಿಗೆ ಉಸಿರು ಎಳೆದಿದೆ, ಬಾ ಅಂದರು. ಹೋದೆ. ಡಾಕ್ಟರು ನೋಡಿ ಹೋಗಿದ್ದರು, ಇನ್ನು ಮಾಡುವುದೇನೂ ಇರಲಿಲ್ಲ. ಇಂದಿರಾಬಾಯಿ ಬೆಳ್ಳಿ ಬಟ್ಟಲಲ್ಲಿ ನೀರು, ತುಳಸಿ ಎಲೆ ಹಾಕಿ ತಂದು ಅತ್ತೆಯ ಬಾಯಿಗೆ ಹಿಡಿದರು. ಆಯಿ ಹಲ್ಲು ಕಚ್ಚಿ ಮುಖ ಗೋಡೆಗೆ ತಿರುಗಿಸಿದರು. ಮತ್ತೆ ಹಿಡಿದರು, ಮತ್ತೆ ತಿರುಗಿಸಿದರು. ಆಮೇಲೆ ಆಯಿ ಕಣ್ಣು ತೆರೆದು ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಬೆರಳು ಮಾಡಿ ಕರೆದರು. ಮಡಿ ಮೈಲಿಗೆ ಅಂತ ಜೀವಮಾನ ಇಡೀ ಆಡಿದ ಮುದುಕಿ, ನನ್ನ ಕಡೆ ಬಾಯಿ ತೆರೆದರು.

ಇಂದಿರಾಬಾಯಿ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ನಾನು ಕುಡಿಸಿದೆ. ಎರಡು ಗುಟುಕು ಕುಡಿದರು.

ಆಗಲಾದರೂ ಹೇಳಬಹುದಿತ್ತು. ಆಯಿಗೆ ಇನ್ನೂ ಅರ್ಧ ತಾಸು ಜೀವ ಇತ್ತು. ನನ್ನ ಕೈ ಬಟ್ಟಲು ಹಿಡಿದುಕೊಂಡೇ ಇತ್ತು, ಬಾಯಿ ಏಳಲಿಲ್ಲ.

ಕೆಲಸ ಮಾತ್ರ ನಡೆದೇ ಇತ್ತು. ನಾನು ಹೆಡ್ ಮಿಸ್ತ್ರಿ ಆದಮೇಲೆ ಗ್ಯಾರೇಜಿನಲ್ಲಿ ಸಾಬೂನಿನ ತುಂಡು ಕಂಡರೆ ಎತ್ತಿ ಬಿಸಾಕುತ್ತಿದ್ದೆ. ತಾತ್ಕಾಲಿಕ ಕೆಲಸ ಏನೇ ಮಾಡಿದರೂ ರಟ್ಟಿನ ಮೇಲೆ ಮರಾಠಿಯಲ್ಲಿ ಬರೆದು ಸ್ಟೇರಿಂಗಿಗೆ ಕಟ್ಟಿಸುತ್ತಿದ್ದೆ: ಏನು ಹಚ್ಚಿದೆ, ಎಲ್ಲಿ ಹಚ್ಚಿದೆ, ಯಾವುದು ತಾಗಬಾರದು, ಯಾವಾಗ ವಾಪಸ್ ತರಬೇಕು. ಹುಡುಗರು ನನಗೆ ರಟ್ಟಿನ ಮಿಸ್ತ್ರಿ ಅಂತ ಹೆಸರಿಟ್ಟಿದ್ದರು, ಇಡಲಿ. ಗಾಡಿಗಳೂ ಬದಲಾದವು. ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು. ಅದರಲ್ಲಿ ಪೆಟ್ರೋಲ್ ಹನಿಯುವುದಿಲ್ಲ, ಒತ್ತಡಕ್ಕೆ ಪಿಚಕಾರಿಯ ಹಾಗೆ ಚಿಮ್ಮುತ್ತದೆ, ಒತ್ತಡ ಇಳಿಸದೆ ಕೊಳವೆ ಬಿಚ್ಚಿದಿರೋ ಕಣ್ಣು ಹೋಯಿತು. ಈಗ ಪೆಟ್ರೋಲಿಗೆ ಕಬ್ಬಿನ ಎಥೆನಾಲ್ ಬೆರೆಸುತ್ತಾರೆ, ಹಳೆಯ ಗಾಡಿಯ ರಬ್ಬರು ಅದಕ್ಕೆ ತಾಳುವುದಿಲ್ಲ, ಬಿರಿಯುತ್ತದೆ. ಹಿಂಜವಾಡಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಪ್ರಾಯದವರು ಹಳೆಯ ಕಾರು ಕೊಂಡು ಬಣ್ಣ ಬಳಿಸಿ ತರುತ್ತಾರೆ, ಒಳಗೆ ಮೂವತ್ತು ವರ್ಷದ ಕೊಳವೆ ಹಾಗೇ ಇರುತ್ತದೆ. ಬಣ್ಣ ನೋಡಬೇಡಿ, ಕೊಳವೆ ಬಗ್ಗಿಸಿ ನೋಡಿ. ಬೆರಳಿಗೆ ಬಿರುಕು ತಾಗಿದರೆ ಎಲ್ಲ ಬದಲಿಸಿ, ಒಂದನ್ನೂ ಉಳಿಸಬೇಡಿ. ಮತ್ತು ನೀವು ಹಚ್ಚಿದ್ದು ಸಾಬೂನಾದರೆ ಸಾಬೂನು ಅಂತಲೇ ಹೇಳಿ. ನಗಲಿ, ನಿಮಗೇನು ಹೋಗುತ್ತದೆ?

ಸಂಚಿಕೆಗೆ ಬರೆಯಲು ಕೂತಾಗ ಇದನ್ನೆಲ್ಲ ಎರಡು ಸಲ ಬರೆದೆ, ವಿಠ್ಠಲರಾಯರನ್ನು ಬಿಟ್ಟು. ಎರಡು ಸಲವೂ ಹರಿದೆ. ಮೂರನೆಯ ಸಲ ಇದ್ದದ್ದು ಇದ್ದ ಹಾಗೆ ಬರೆದೆ. ಆದರೆ ಆ ಸಂಚಿಕೆ ಇಂದಿರಾಬಾಯಿಯ ಮನೆಗೂ ಹೋಗುತ್ತದೆ, ಅವರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಅಚ್ಚಾದದ್ದನ್ನು ಓದಿ ಅವರು ತಿಳಿದುಕೊಳ್ಳುವ ಹಾಗಾಗಬಾರದು ಅಂತ ಹೋದ ಸೋಮವಾರ ಬೆಳಿಗ್ಗೆ ಹೋದೆ.

ಮೆಂತೆಪಲ್ಯ ಸೋಸುತ್ತ ಕೂತಿದ್ದರು. ಎಪ್ಪತ್ತು ದಾಟಿದೆ ಈಗ. "ಬಾರಪಾ ಮಲ್ಲಪ್ಪಾ, ಛಾ ಮಾಡ್ಲಿ?" ಅಂದರು. ಬೇಡ ಅಂದೆ. ನೆಲದ ಮೇಲೆ ಕೂತೆ.

"ಅಕ್ಕಾರ, ಟಾಕಿಗೆ ನಾ ಹಚ್ಚಿದ್ದು ಸಾಬೂನು ಇತ್ರಿ."

"ಯಾ ಟಾಕಿ?"

"ರಾಯರ ಗಾಡೀದು. ಮಸಾಲಿ ಅಂತ ಹೇಳಿದ್ನೆಲ್ರಿ. ಬಟ್ಟಿ ಒಗಿಯೂ ಸಾಬೂನು ಅದು. ಪೆಟ್ರೋಲಿಗೆ ಕರಗೂದಿಲ್ಲ, ನೀರಿಗೆ ಕರಗ್ತದ. ತೊಳೀಬ್ಯಾಡ್ರಿ ಅಂತ ನಾ ಹೇಳಲಿಲ್ಲ. ತಪ್ಪು ನಂದು ಅಕ್ಕಾರ. ನಿಮ್ಮ ದೀಪದ್ದಲ್ಲ."

ಅವರು ಮತ್ತೆರಡು ಕಡ್ಡಿ ಸೋಸಿದರು. ಎಲೆ ಒಂದು ಕಡೆ, ದಂಟು ಒಂದು ಕಡೆ. ಆಮೇಲೆ ಕೈ ನಿಂತಿತು.

"ಅದಕ್ಕs ನೊರಿ ಬಂದಿತ್ತು," ಅಂದರು. "ನಾವು ಬರೇ ನೀರು ಹಾಕಿದ್ವಿ. ಕೆಳಗಿಂದ ಬೆಳ್ಳಗ ನೊರಿ ಹರದು ಬಂತು. ಅವರು ನಕ್ಕೋತ, ನೋಡಲ್ಲಿ, ಗಾಡಿ ತಾನs ಸಾಬೂನು ಹಚ್ಕೊಂಡು ಜಳಕಾ ಮಾಡ್ತದ ಅಂದ್ರು. ಇಷ್ಟ ವರ್ಷಾತು, ಆ ನೊರಿ ಎಲ್ಲಿಂದ ಬಂತು ಅಂತ ನನಗ ತಿಳದಿದ್ದಿಲ್ಲ."

ಸೋಸಿದ ಎಲೆಯನ್ನು ಪಕ್ಕಕ್ಕೆ ಸರಿಸಿದರು.

"ನಿನಗ ಯಾವಾಗ ಗೊತ್ತಾತು?"

"ಸುಟ್ಟ ಗಾಡಿ ಗ್ಯಾರೇಜಿಗೆ ಬಂದ ದಿನಾರಿ."

"ಅಂದ್ರ ಅವರು ಇನ್ನೂ ದವಾಖಾನ್ಯಾಗ ಇದ್ರು. ಜೀವಂತ ಇದ್ರು."

"ಹೌದ್ರಿ."

"ಆಯಿ ಹೋಗೂ ಮುಂದನೂ ಗೊತ್ತಿತ್ತು."

"ಹೌದ್ರಿ."

"ಬಟ್ಟಲಾ ನಾನs ನಿನ್ನ ಕೈಯಾಗ ಕೊಟ್ಟೆ," ಅಂದರು. ದನಿ ಏರಲಿಲ್ಲ. ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನಾನು ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು. "ಮುಟ್ಟಬ್ಯಾಡ. ಏಳು. ನನಗ ಹೇಳಿ ಏನು ಮಾಡ್ತಿ? ಹೇಳೂದಿತ್ತು ಅವರಿಗೆ."

ಎದ್ದು ಒಳಗಿನ ಕೋಣೆಗೆ ನಡೆದರು. ಗೋಡೆಯ ಮೇಲೆ ಆಯಿಯ ಫೋಟೋ ಇತ್ತು, ಮೂಗಿನಲ್ಲಿ ನತ್ತು, ತಲೆಯ ಮೇಲೆ ಸೆರಗು, ನೆಟ್ಟ ನೋಟ. ನನ್ನನ್ನು ಅದರ ಮುಂದೆ ನಿಲ್ಲಿಸಿ, ತಾವು ಹಿಂದೆ ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಹೇಳು."

ನಾನು ಕೈ ಮುಗಿದೆ. "ಆಯಿ, ನಿಮ್ಮ ಸೊಸೀದು ತಪ್ಪಿಲ್ರಿ. ದೀಪದ್ದು ತಪ್ಪಿಲ್ರಿ. ಸಾಬೂನು ಹಚ್ಚಿದಾಂವ ನಾನು..." ಹೇಳಿದ್ದು ನನ್ನ ಕಿವಿಗೇ ಸರಿಯಾಗಿ ಬಿದ್ದಿರಲಿಲ್ಲ.

ಹಿಂದಿನಿಂದ ಇಂದಿರಾಬಾಯಿ ಅಂದರು: "ಜೋರಾಗಿ ಹೇಳು ಮಲ್ಲಪ್ಪಾ. ಕಡೀ ಕಡೀಕ ಅವರಿಗೆ ಕಿವಿ ಕೇಳ್ತಿದ್ದಿಲ್ಲ."

ನಾನು ಜೋರಾಗಿ ಹೇಳಿದೆ.

"ಇನ್ನೊಮ್ಮೆ," ಅಂದರು.